ಸಿ ಡ್ರೈವ್ ತುಂಬಿದೆ: ಟೆಂಪ್ ಫೋಲ್ಡರಿನಲ್ಲಿರುವುದನ್ನೆಲ್ಲ ಅಳಿಸಬಹುದೇ?

ತುಂಗಾತೀರದ ಶಿಕ್ಷಕಿ
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕಿ. ನನ್ನ ಲ್ಯಾಪ್‌ಟಾಪಿನಲ್ಲಿರುವುದು 256 ಜಿಬಿಯ ಎಸ್‌ಎಸ್‌ಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಇಷ್ಟು ದಿನ ಮುಂದೂಡಿದ ಕೆಲಸವನ್ನು ಕೊನೆಗೂ ಮಾಡಿ ಐದು ದಿನಗಳ ಹಿಂದೆ ವಿಂಡೋಸ್ 11 ಹಾಕಿಸಿಕೊಂಡೆ. ಅಂದಿನಿಂದ ಸಿ ಡ್ರೈವಿನ ಪಟ್ಟಿ ಕೆಂಪಾಗಿದೆ, ಉಳಿದಿರುವ ಜಾಗ ಕೇವಲ 6 ಜಿಬಿ. ಟೆಂಪ್ ಎಂಬ ಫೋಲ್ಡರಿನಲ್ಲೇ 14 ಜಿಬಿ ಕೂತಿದೆ ಎಂದು ಸೆಟ್ಟಿಂಗ್ಸ್ ತೋರಿಸುತ್ತಿದೆ.

ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಮಗ ಫೋನಿನಲ್ಲಿ ಎಲ್ಲವನ್ನೂ ಅಳಿಸಮ್ಮ ಎನ್ನುತ್ತಾನೆ. ನನಗೆ ಭಯವಿರುವುದಕ್ಕೆ ಕಾರಣವಿದೆ. ನಮ್ಮ ಸೀಮೆಯ ಅಜ್ಜಿಯರು ಹೇಳಿಕೊಟ್ಟ ಸೋಬಾನೆ ಪದಗಳನ್ನು ಮೂರು ವರ್ಷಗಳಿಂದ ವರ್ಡ್‌ನಲ್ಲಿ ಟೈಪು ಮಾಡಿಟ್ಟುಕೊಳ್ಳುತ್ತಿದ್ದೇನೆ, ಒಟ್ಟು 112 ಹಾಡುಗಳಾಗಿದ್ದವು. ಕಳೆದ ತಿಂಗಳು ಸೇವ್ ಒತ್ತಿದ ಕ್ಷಣದಲ್ಲೇ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಕೆಟ್ಟಿದೆ. ಮತ್ತೆ ಚಾಲು ಮಾಡಿದಾಗ ಆ ಫೈಲೇ ಕಾಣಲಿಲ್ಲ. ಪೆನ್ ಡ್ರೈವಿನಲ್ಲಿದ್ದ ಹಳೆಯ ಪ್ರತಿಯಲ್ಲಿ 74 ಹಾಡುಗಳಿವೆ, ಉಳಿದ 38ನ್ನು ನೆನಪಿನಿಂದ ಮತ್ತೆ ಬರೆಯುತ್ತಿದ್ದೇನೆ. ಹಾಡಿದ ಅಜ್ಜಿಯರಲ್ಲಿ ಇಬ್ಬರು ಈಗಿಲ್ಲ. ಆದ್ದರಿಂದ ಯಾವುದನ್ನು ಅಳಿಸಿದರೆ ಅಪಾಯವಿಲ್ಲ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಡಾಲಸ್ ಕನ್ನಡಿಗ
ಅಮ್ಮಾ, ಹೆಸರೇ ಹೇಳುವಂತೆ ಅವು ತಾತ್ಕಾಲಿಕ ಫೈಲ್‌ಗಳು. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಶೇಕಡಾ ಚಿಹ್ನೆ, ಟೆಂಪ್, ಮತ್ತೆ ಶೇಕಡಾ ಚಿಹ್ನೆಯನ್ನು ಇಂಗ್ಲಿಷಿನಲ್ಲಿ ಟೈಪಿಸಿ ಎಂಟರ್ ಒತ್ತಿರಿ. ತೆರೆಯುವ ಫೋಲ್ಡರಿನಲ್ಲಿ ಎಲ್ಲವನ್ನೂ ಆಯ್ಕೆ ಮಾಡಿ ಶಿಫ್ಟ್ ಡಿಲೀಟ್ ಒತ್ತಿದರೆ ಮುಗಿಯಿತು. ನಾನು ಹತ್ತು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ, ಒಮ್ಮೆಯೂ ತೊಂದರೆಯಾಗಿಲ್ಲ.

ಮೈಸೂರು ರಿಪೇರಿ ಮೇಜು
ದಯವಿಟ್ಟು ಶಿಫ್ಟ್ ಡಿಲೀಟ್ ಎಂದು ಯಾರಿಗೂ ಹೇಳಬೇಡಿ. ಶಿಫ್ಟ್ ಒತ್ತಿ ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ. ಹಳೆಯ ಹಾರ್ಡ್ ಡಿಸ್ಕಿನಲ್ಲಾದರೆ ಅಳಿಸಿದ ಮೇಲೂ ಹುಡುಕಿ ತೆಗೆಯುವ ಅವಕಾಶ ಸ್ವಲ್ಪ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ, ಅಳಿಸಿದ ಜಾಗವನ್ನು ಇನ್ನು ಖಾಲಿ ಎಂದು ಪರಿಗಣಿಸಬಹುದು ಎಂದು ಡಿಸ್ಕಿಗೆ ತಿಳಿಸಿಬಿಡುತ್ತದೆ. ಆಮೇಲೆ ರಿಕವರಿ ಸಾಫ್ಟ್‌ವೇರ್ ಹಾಕಿದರೂ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಹತ್ತು ವರ್ಷ ಏನೂ ಆಗಲಿಲ್ಲ ಎಂಬುದು ನಿಮ್ಮ ಕಂಪ್ಯೂಟರಿನ ಅನುಭವ. ನನ್ನ ಮೇಜಿನ ಮೇಲೆ ಬರುವವೆಲ್ಲ ಏನೋ ಆಗಿಹೋದ ಕಂಪ್ಯೂಟರುಗಳೇ.

ಮೇಡಂ, ತಾತ್ಕಾಲಿಕ ಎಂದರೆ ಕಸ ಎಂದು ಅರ್ಥವಲ್ಲ, ಯಾವುದೋ ಪ್ರೋಗ್ರಾಂ ಒಂದು ಕೆಲಸಕ್ಕಾಗಿ ಅದನ್ನು ಇಟ್ಟುಕೊಂಡಿದೆ ಎಂದಷ್ಟೇ ಅರ್ಥ. ಆ ಕೆಲಸ ಮುಗಿದಿದ್ದರೆ ಅದು ಕಸ, ಮುಗಿದಿಲ್ಲವಾದರೆ ಅಲ್ಲ. ಆದ್ದರಿಂದ ಮೊದಲು ತೆರೆದಿರುವ ಎಲ್ಲ ಪ್ರೋಗ್ರಾಂಗಳನ್ನು ಮುಚ್ಚಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಸಾಲದು. ಫಾಸ್ಟ್ ಸ್ಟಾರ್ಟ್‌ಅಪ್ ಚಾಲ್ತಿಯಲ್ಲಿದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸಿನ ತಿರುಳು ಪೂರ್ತಿ ಹೊಸದಾಗಿ ಆರಂಭವಾಗುವುದಿಲ್ಲ, ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಅಲ್ಲಿಂದಲೇ ಎದ್ದೇಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ, ಅರ್ಧ ನಿಂತಿದ್ದ ಅಪ್‌ಡೇಟು, ಇನ್‌ಸ್ಟಾಲೇಶನ್ನುಗಳು ಟೆಂಪ್‌ನಲ್ಲಿಟ್ಟಿದ್ದ ತಮ್ಮ ಸಾಮಾನನ್ನು ಬಳಸಿ ಕೆಲಸ ಮುಗಿಸಿಕೊಳ್ಳುತ್ತವೆ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂಬಲ್ಲಿಗೆ ಹೋಗಿ. ಅಲ್ಲಿ ಬರುವ ಪಟ್ಟಿಯ ಒಂದೊಂದು ಸಾಲನ್ನೂ ಓದಿ ಗುರುತು ಹಾಕಿ. ಡೌನ್‌ಲೋಡ್ಸ್ ಎಂಬ ಸಾಲಿಗೆ ಮಾತ್ರ ಗುರುತು ಹಾಕಲೇಬೇಡಿ.

ಹಳೇ ಡಿಸ್ಕ್ ಕ್ಲೀನಪ್ ಅಭಿಮಾನಿ
ಡೌನ್‌ಲೋಡ್ಸ್ ವಿಷಯ ಪ್ರಸ್ತಾಪಿಸಿದ್ದು ಒಳ್ಳೆಯದಾಯಿತು. ವಿಂಡೋಸ್ 98ರ ಕಾಲದಿಂದಲೂ ಇರುವ ಡಿಸ್ಕ್ ಕ್ಲೀನಪ್ಪಿಗೆ 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನೂ ಸೇರಿಸಿದರು. ಕಣ್ಣು ಮುಚ್ಚಿ ಎಲ್ಲದಕ್ಕೂ ಗುರುತು ಹಾಕುವ ಅಭ್ಯಾಸವಿದ್ದವರು ತಮ್ಮ ಫೈಲ್‌ಗಳನ್ನು ಕಳೆದುಕೊಂಡರು. 2020ರಲ್ಲಿ ಡಿಸ್ಕ್ ಕ್ಲೀನಪ್ಪಿನಿಂದ ಆ ಆಯ್ಕೆಯನ್ನು ತೆಗೆದರು, ಆದರೆ ಸೆಟ್ಟಿಂಗ್ಸ್ ಪುಟದಲ್ಲಿ ಅದು ಇನ್ನೂ ಇದೆ. ನಮ್ಮಲ್ಲಿ ಎಷ್ಟೋ ಮಂದಿ ಪಹಣಿ, ಅಂಕಪಟ್ಟಿ, ಬ್ಯಾಂಕಿನ ಕಾಗದಗಳನ್ನು ಇಳಿಸಿಕೊಂಡು ಅಲ್ಲೇ ಬಿಟ್ಟಿರುತ್ತಾರೆ.

ಡಿಸ್ಕ್ ಕ್ಲೀನಪ್ಪಿನ ಒಂದು ಗುಣ ನನಗೆ ಇಂದಿಗೂ ಇಷ್ಟ. ಅದು ಟೆಂಪ್‌ನಲ್ಲಿರುವ ಎಲ್ಲವನ್ನೂ ಅಳಿಸುವುದಿಲ್ಲ, ಒಂದು ವಾರದಿಂದ ಯಾರೂ ತಿದ್ದದೆ ಬಿದ್ದಿರುವುದನ್ನು ಮಾತ್ರ ಅಳಿಸುತ್ತದೆ. ಕೈಯಿಂದ ಅಳಿಸುವವರೂ ಈ ಒಂದು ವಾರದ ಲೆಕ್ಕವನ್ನು ಪಾಲಿಸಬೇಕು. ಫೋಲ್ಡರನ್ನು ದಿನಾಂಕದ ಪ್ರಕಾರ ಜೋಡಿಸಿಕೊಂಡು ಹಳೆಯದರಿಂದ ಶುರು ಮಾಡಿದರೆ ಸಾಕು.

ಡಾಲಸ್ ಕನ್ನಡಿಗ
ಬಳಕೆಯಲ್ಲಿರುವ ಫೈಲನ್ನು ವಿಂಡೋಸ್ ಹೇಗೂ ಅಳಿಸಲು ಬಿಡುವುದಿಲ್ಲವಲ್ಲ? ಫೈಲ್ ಇನ್ ಯೂಸ್ ಎಂದು ತಡೆಯುತ್ತದೆ, ಸ್ಕಿಪ್ ಒತ್ತಿದರಾಯಿತು. ಇಷ್ಟೊಂದು ಹೆದರಿಸಬೇಕಾದ ಅಗತ್ಯವಿದೆಯೇ?

ಲೆಕ್ಕಪತ್ರದವರು, ದಾವಣಗೆರೆ
ತೆರೆದಿರುವುದನ್ನು ತಡೆಯುತ್ತದೆ, ನಿಜ. ಮುಚ್ಚಿದ ಮೇಲೆ ಯಾರು ತಡೆಯುತ್ತಾರೆ? ನನ್ನ ಅನುಭವ ಕೇಳಿ. ಮಾರ್ಚ್ ತಿಂಗಳ ಕೊನೆಯ ವಾರ, ಕಕ್ಷಿದಾರರೊಬ್ಬರು ಔಟ್‌ಲುಕ್ ಮೇಲ್‌ನಲ್ಲಿ ಎಕ್ಸೆಲ್ ಹಾಳೆ ಕಳಿಸಿದ್ದರು. ಅದನ್ನು ಮೇಲ್‌ನಿಂದಲೇ ನೇರವಾಗಿ ತೆರೆದು, ಎರಡೂವರೆ ಗಂಟೆ ಕೂತು ತಿದ್ದಿ, ಸೇವ್ ಒತ್ತಿ ಮುಚ್ಚಿದೆ. ಹೀಗೆ ತೆರೆದ ಲಗತ್ತು ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ಇಂಟರ್‌ನೆಟ್ ಕ್ಯಾಶ್ (ಮತ್ತೆ ಬೇಕಾದೀತೆಂದು ಇಟ್ಟುಕೊಳ್ಳುವ ಪ್ರತಿಗಳ) ಫೋಲ್ಡರಿನ ಒಳಗೆ ಔಟ್‌ಲುಕ್ ಮಾಡಿಕೊಂಡ ಒಂದು ಗುಪ್ತ ಫೋಲ್ಡರಿನಲ್ಲಿರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಜಾಗ ಕಡಿಮೆಯಾಗಿದೆ ಎಂದು ನಾನೇ ಆ ಸಂಜೆ ಕ್ಯಾಶ್ ಸ್ವಚ್ಛಗೊಳಿಸಿದೆ. ಸೇವ್ ಮಾಡಿದ್ದು ನಿಜ, ಅಳಿಸಿದ್ದೂ ನಿಜ. ಆ ರಾತ್ರಿ ಮತ್ತೆ ಮೊದಲಿನಿಂದ ಕೂತು ಮಾಡಿದೆ. ಈಗ ಲಗತ್ತನ್ನು ಮೊದಲು ಸೇವ್ ಆ್ಯಸ್ ಮಾಡದೆ ತೆರೆಯುವುದೇ ಇಲ್ಲ.

ಡಾಲಸ್ ಕನ್ನಡಿಗ
ಇದು ನನಗೆ ಗೊತ್ತಿರಲಿಲ್ಲ. ಶಿಫ್ಟ್ ಡಿಲೀಟ್ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಬೆಳಗಾವಿ ಇಂಜಿನಿಯರಿಂಗ್ ಹುಡುಗ
ಟೆಂಪ್ ಫೋಲ್ಡರ್ ಒಂದನ್ನೇ ನೋಡಿದರೆ ಸಾಲದು. ಸಿ ಡ್ರೈವಿನ ಹುಡುಕು ಪೆಟ್ಟಿಗೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿ ಡಾಟ್ ಟಿಎಂಪಿ ಎಂದು ಟೈಪಿಸಿ, ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ಅಳಿಸಬಹುದು. ಪ್ರಿಫೆಚ್ ಫೋಲ್ಡರನ್ನೂ ಖಾಲಿ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆ. ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್ 10 ಜಿಬಿ ಮೇಲಿರುತ್ತದೆ, ಅದನ್ನು ಅಳಿಸುವ ದಾರಿಯನ್ನೂ ಯಾರಾದರೂ ಹೇಳಿ.

ಮೈಸೂರು ರಿಪೇರಿ ಮೇಜು
ತಮ್ಮಾ, ಮೂರೂ ತಪ್ಪು. ಪ್ರಿಫೆಚ್‌ನಲ್ಲಿರುವುದು ಪ್ರೋಗ್ರಾಂಗಳು ಬೇಗ ತೆರೆಯಲಿ ಎಂದು ವಿಂಡೋಸ್ ಬರೆದಿಟ್ಟುಕೊಂಡ ಟಿಪ್ಪಣಿ. ಅದನ್ನು ಅಳಿಸಿದರೆ ಮುಂದಿನ ಸಲ ತೆರೆಯುವುದು ನಿಧಾನವಾಗುತ್ತದೆ, ವಿಂಡೋಸ್ ಮತ್ತೆ ಅದನ್ನೇ ಬರೆದುಕೊಳ್ಳುತ್ತದೆ.

ವಿನ್‌ಎಸ್‌ಎಕ್ಸ್‌ಎಸ್ ಎಂಬುದು ವಿಂಡೋಸಿನ ಭಾಗಗಳ ಉಗ್ರಾಣ. ಅಲ್ಲಿರುವ ಎಷ್ಟೋ ಫೈಲ್‌ಗಳು ಹಾರ್ಡ್ ಲಿಂಕ್‌ಗಳು, ಅಂದರೆ ಒಂದೇ ಫೈಲಿಗೆ ಎರಡು ಕಡೆ ಹೆಸರು. ಎಕ್ಸ್‌ಪ್ಲೋರರ್ ಎರಡನ್ನೂ ಎಣಿಸುವುದರಿಂದ ಗಾತ್ರ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕೈ ಹಾಕಿದರೆ ವಿಂಡೋಸ್ ಏಳದೇ ಹೋಗಬಹುದು. ಅದರಲ್ಲಿ ನಿಜವಾಗಿ ಬೇಡವಾದ ಹಳೆಯ ಅಪ್‌ಡೇಟುಗಳನ್ನು ತೆಗೆಯಲು ಅದೇ ಟೆಂಪರರಿ ಫೈಲ್ಸ್ ಪಟ್ಟಿಯ ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಸಾಲು ಸಾಕು. ವಿಂಡೋಸ್ ಫೋಲ್ಡರಿನ ಒಳಗೆ ಇನ್‌ಸ್ಟಾಲರ್ ಎಂಬ ಇನ್ನೊಂದು ಗುಪ್ತ ಫೋಲ್ಡರಿದೆ, ಅದನ್ನೂ ಮುಟ್ಟಬಾರದು. ಮುಂದೆ ಆ ಸಾಫ್ಟ್‌ವೇರುಗಳನ್ನು ತೆಗೆಯಲು, ದುರಸ್ತಿ ಮಾಡಲು, ಅಪ್‌ಡೇಟ್ ಮಾಡಲು ಅಲ್ಲಿರುವ ಫೈಲ್‌ಗಳೇ ಬೇಕಾಗುತ್ತವೆ.

ಟಿಎಂಪಿ ಎಂದು ಹುಡುಕಿ ಎಲ್ಲವನ್ನೂ ಅಳಿಸುವುದು ಇವೆಲ್ಲಕ್ಕಿಂತ ಕೆಟ್ಟ ಸಲಹೆ. ಟೆಂಪ್ ಫೋಲ್ಡರಿನ ಹೊರಗಿರುವ ಟಿಎಂಪಿ ಫೈಲ್ ಯಾರದ್ದು ಎಂದು ತಿಳಿಯದೆ ಅಳಿಸಬಾರದು. ಮುಖ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿರುವುದನ್ನು.

ಮದುವೆ ವಿಡಿಯೊ, ಹುಬ್ಬಳ್ಳಿ
ನಮ್ಮ ಸ್ಟುಡಿಯೊದಲ್ಲಿ ತೊಂದರೆ ಬೇರೆ ರೀತಿಯದು. ಪ್ರೀಮಿಯರ್‌ನಲ್ಲಿ ಎಡಿಟ್ ಮಾಡಿದ ಪ್ರತಿ ಮದುವೆಯೂ ಮೀಡಿಯಾ ಕ್ಯಾಶ್ ಫೋಲ್ಡರಿನಲ್ಲಿ ತನ್ನ ಪಾಲು ಬಿಟ್ಟು ಹೋಗುತ್ತದೆ. ಅದು ಟೆಂಪ್‌ನಲ್ಲಿ ಇಲ್ಲವಾದ್ದರಿಂದ ವಿಂಡೋಸಿನ ಸಾಧನ ಅದನ್ನು ಮುಟ್ಟುವುದಿಲ್ಲ. ಹೋದ ವರ್ಷ ನೋಡಿದಾಗ 90 ಜಿಬಿ ಆಗಿತ್ತು. ಅದನ್ನು ಪ್ರೀಮಿಯರ್‌ನ ಪ್ರಿಫರೆನ್ಸಸ್‌ಗೆ ಹೋಗಿ ಅಲ್ಲಿಂದಲೇ ಅಳಿಸಬೇಕು. ಅಸಲಿ ವಿಡಿಯೊ ಇದ್ದರೆ ಕ್ಯಾಶ್ ಮತ್ತೆ ತಯಾರಾಗುತ್ತದೆ, ಪ್ರಾಜೆಕ್ಟ್ ತೆರೆಯುವಾಗ ಸ್ವಲ್ಪ ಹೊತ್ತು ಹೆಚ್ಚು ಬೇಕು, ಅಷ್ಟೇ. ಫೋಟೋಶಾಪ್ ನಡುವೆ ನಿಂತುಹೋದಾಗಲೂ ಅದರ ಹೆಸರಿನ ದೊಡ್ಡ ಟೆಂಪ್ ಫೈಲ್‌ಗಳು ಉಳಿಯುತ್ತವೆ. ಫೋಟೋಶಾಪ್ ಮುಚ್ಚಿರುವಾಗ ಅವನ್ನು ಅಳಿಸಬಹುದು.

ತುಂಗಾತೀರದ ಶಿಕ್ಷಕಿ
ಎಲ್ಲರ ಉತ್ತರಕ್ಕೂ ಧನ್ಯವಾದಗಳು. ರೀಸ್ಟಾರ್ಟ್ ಮಾಡಿದೆ. ಟೆಂಪರರಿ ಫೈಲ್ಸ್ ಪಟ್ಟಿಯಲ್ಲಿ ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಶನ್ ಎಂಬುದು 21 ಜಿಬಿ ಇದೆ. ಅದನ್ನು ಅಳಿಸಲೇ?

ಇನ್ನೊಂದು ಸಂಗತಿ. ಟೆಂಪ್ ಫೋಲ್ಡರ್ ಎಲ್ಲಿದೆ ಎಂದು ನೋಡಲು ಮಗ ಹೇಳಿದಂತೆ ಹಿಡನ್ ಐಟಮ್ಸ್ ಕಾಣಿಸುವಂತೆ ಮಾಡಿದೆ. ಆಗ ನನ್ನ ಡಾಕ್ಯುಮೆಂಟ್ಸ್‌ನಲ್ಲಿ ಹಿಂದೆ ಎಂದೂ ಕಾಣದ ಮೂರು ಮಸುಕಾದ ಫೈಲ್‌ಗಳು ಕಾಣಿಸಿದವು. ಮೂರರ ಹೆಸರೂ ಅಲೆಯಂಥ ಟಿಲ್ಡೆ ಚಿಹ್ನೆಯಿಂದ ಶುರುವಾಗುತ್ತದೆ. ಒಂದು ಒಂದು ಕೆಬಿಗಿಂತ ಚಿಕ್ಕದು. ಉಳಿದ ಎರಡರ ಕೊನೆಯಲ್ಲಿ ಟಿಎಂಪಿ ಎಂದಿದೆ, ತಾರೀಖು ಕರೆಂಟು ಹೋದ ದಿನದ್ದೇ. ಪಕ್ಕದ ಮನೆಯ ಹುಡುಗ ಪೆನ್ ಡ್ರೈವಿನಲ್ಲಿ ಒಯ್ದು ಅವನ ಕಂಪ್ಯೂಟರಿನ ವರ್ಡ್‌ನಲ್ಲಿ ತೆರೆದು ನೋಡಿದ. ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಿವೆ, ಕೆಟ್ಟುಹೋಗಿದೆ, ಅಳಿಸಿಬಿಡಿ ಅಜ್ಜಿ ಎಂದ. ನಾನಿನ್ನೂ ಅಳಿಸಿಲ್ಲ.

ಮೈಸೂರು ರಿಪೇರಿ ಮೇಜು
ಮೇಡಂ, ಅಳಿಸಬೇಡಿ. ಆ ಮೂರೂ ಫೈಲ್‌ಗಳನ್ನು ಈಗಲೇ ಪೆನ್ ಡ್ರೈವಿಗೆ ಕಾಪಿ ಮಾಡಿ ಬೇರೆ ಇಡಿ. ಮುಂದಿನದನ್ನು ಆಮೇಲೆ ನೋಡೋಣ.

ವರ್ಡ್ ಸೇವ್ ಮಾಡುವಾಗ ನಿಮ್ಮ ಹಳೆಯ ಫೈಲಿನ ಮೇಲೆಯೇ ಬರೆಯುವುದಿಲ್ಲ. ಹೊಸದನ್ನು ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೈಲಿಗೆ ಬರೆದು, ಹಳೆಯದರ ಹೆಸರು ಬದಲಿಸಿ, ಹೊಸದಕ್ಕೆ ಅಸಲಿ ಹೆಸರು ಕೊಟ್ಟು, ಕೊನೆಗೆ ಹಳೆಯದನ್ನು ಅಳಿಸುತ್ತದೆ. ಈ ಹೆಜ್ಜೆಗಳ ನಡುವೆ ಕರೆಂಟು ಹೋದರೆ ಅಸಲಿ ಹೆಸರಿನ ಫೈಲೇ ಇಲ್ಲದಂತಾಗಿ, ನಿಮ್ಮ ಬರಹ ಟಿಎಂಪಿ ಹೆಸರಿನಲ್ಲಿ ಉಳಿಯಬಹುದು. ಹೆಸರಿನಲ್ಲಿ ಡಬ್ಲ್ಯುಆರ್‌ಎಲ್ ಎಂದಿದ್ದರೆ ಅದು ಹಳೆಯ ಪ್ರತಿ, ಡಬ್ಲ್ಯುಆರ್‌ಡಿ ಎಂದಿದ್ದರೆ ಹೊಸದು. ಟಿಲ್ಡೆಯ ಪಕ್ಕದಲ್ಲಿ ಡಾಲರ್ ಚಿಹ್ನೆ ಇರುವ ಚಿಕ್ಕ ಫೈಲಿನಲ್ಲಿ, ಯಾರು ತೆರೆದಿದ್ದಾರೆ ಎಂಬ ಹೆಸರು ಮಾತ್ರ ಇರುತ್ತದೆ. ವರ್ಡ್ ಮುಚ್ಚಿರುವಾಗ ಅದನ್ನು ಅಳಿಸಿದರೆ ನಷ್ಟವಿಲ್ಲ.

ಮುದ್ರಣಾಲಯದ ಡಿಟಿಪಿ
ಅಮ್ಮಾ, ನೀವು ಟೈಪು ಮಾಡುತ್ತಿದ್ದದ್ದು ಹಳೆಯ ನುಡಿ ತಂತ್ರಾಂಶದಲ್ಲೇ?

ತುಂಗಾತೀರದ ಶಿಕ್ಷಕಿ
ಹೌದು. ಶಾಲೆಯಲ್ಲಿ ಕಲಿತದ್ದು ಅದೇ ಆದ್ದರಿಂದ ಅದನ್ನೇ ಬಳಸುತ್ತೇನೆ.

ಮುದ್ರಣಾಲಯದ ಡಿಟಿಪಿ
ಹಾಗಾದರೆ ಆ ಹುಡುಗ ನೋಡಿದ್ದು ಕೆಟ್ಟ ಫೈಲ್ ಅಲ್ಲದೇ ಇರಬಹುದು. ಹಳೆಯ ನುಡಿ ಮತ್ತು ಬರಹ ತಂತ್ರಾಂಶಗಳ ಫಾಂಟುಗಳು ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ, ಅಲ್ಲ. ಫೈಲಿನ ಒಳಗೆ ಇರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ, ಅವುಗಳಿಗೆ ಕನ್ನಡದ ಆಕಾರ ಕೊಡುವುದು ನುಡಿ ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಶುದ್ಧ ಕನ್ನಡವೂ ಕಲಸುಮೇಲೋಗರವಾಗಿಯೇ ಕಾಣುತ್ತದೆ. ನಮ್ಮ ಮುದ್ರಣಾಲಯದಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಸ್ಮರಣ ಸಂಚಿಕೆಯೊಂದರ ಲೇಖನಗಳನ್ನು ಹೀಗೆಯೇ ಕಸವೆಂದು ತಿಳಿದು ಅಳಿಸಿದ್ದ. ಲೇಖಕರ ಮನೆಮನೆಗೆ ಹೋಗಿ ಮತ್ತೆ ತರಬೇಕಾಯಿತು. ಕನ್ನಡದಲ್ಲಿ ಕೆಲಸ ಮಾಡುವವರು ಸ್ವಚ್ಛತೆಗೆ ಮುನ್ನ ತಿಳಿದಿರಲೇಬೇಕಾದ ಸಂಗತಿ ಇದು, ಇಂಗ್ಲಿಷಿನ ಮಾರ್ಗದರ್ಶಿಗಳಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಹೀಗೆ ಮಾಡಿ. ಡಬ್ಲ್ಯುಆರ್‌ಡಿ ಫೈಲಿನ ಪ್ರತಿಯನ್ನು ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ಇಟ್ಟು, ಹೆಸರಿನ ಕೊನೆಯ ಟಿಎಂಪಿಯನ್ನು ಡಿಒಸಿಎಕ್ಸ್ ಎಂದು ಬದಲಿಸಿ ವರ್ಡ್‌ನಲ್ಲಿ ತೆರೆಯಿರಿ. ಆಗಲೂ ಇಂಗ್ಲಿಷ್ ಕಂಡರೆ ಎಲ್ಲವನ್ನೂ ಆಯ್ಕೆ ಮಾಡಿ ನುಡಿ ಫಾಂಟು ಹಾಕಿ. ತೆರೆಯದಿದ್ದರೆ ಡಬ್ಲ್ಯುಆರ್‌ಎಲ್‌ಗೂ ಹಾಗೆಯೇ ಮಾಡಿ.

ಲಿನಕ್ಸ್ ಬಳಸುವ ಗ್ರಂಥಪಾಲಕ
ಅಷ್ಟರಲ್ಲಿ 21 ಜಿಬಿಯ ಪ್ರಶ್ನೆಗೆ ಉತ್ತರಿಸುತ್ತೇನೆ. ಅದು ನಿಮ್ಮ ಹಳೆಯ ವಿಂಡೋಸ್ 10. ಹೊಸದರಲ್ಲಿ ಪ್ರಿಂಟರ್ ಅಥವಾ ನುಡಿ ಕೆಲಸ ಮಾಡದಿದ್ದರೆ ಹಿಂದಿರುಗಲೆಂದು ಹತ್ತು ದಿನ ಇಟ್ಟಿರುತ್ತಾರೆ, ಆಮೇಲೆ ವಿಂಡೋಸ್ ತಾನಾಗಿಯೇ ಅಳಿಸುತ್ತದೆ. ಈಗಾಗಲೇ ಐದು ದಿನವಾಗಿದೆ. ಇನ್ನೈದು ದಿನ ತಾಳಿದರೆ ಅಳಿಸುವ ಶ್ರಮವೂ ಇಲ್ಲ, ಅಲ್ಲಿಯವರೆಗೆ ಹಿಂದಿರುಗುವ ದಾರಿಯೂ ಮುಚ್ಚುವುದಿಲ್ಲ.

ವಿಂಡೋಸಿನ ಬದಲು ಲಿನಕ್ಸ್ ಇರುವವರಿಗೂ ಒಂದು ಮಾತು. ಟಿಎಂಪಿ ಎಂಬ ಹೆಸರಿನ ಎರಡು ಜಾಗಗಳಿವೆ. ಮೂಲದಲ್ಲಿರುವ ಟಿಎಂಪಿಯಲ್ಲಿದ್ದದ್ದು ರೀಸ್ಟಾರ್ಟ್ ಆದಮೇಲೆ ಉಳಿಯುತ್ತದೆ ಎಂದು ಯಾರೂ ನಂಬಬಾರದು, ಫೆಡೋರಾದಂಥವುಗಳಲ್ಲಿ ಅದು ಇರುವುದೇ ಮೆಮೊರಿಯಲ್ಲಿ. ವಿಎಆರ್ ಎಂಬ ಫೋಲ್ಡರಿನೊಳಗಿನ ಟಿಎಂಪಿ ಮಾತ್ರ ರೀಸ್ಟಾರ್ಟ್ ನಂತರವೂ ಉಳಿಯಬೇಕಾದದ್ದು. ಲಿನಕ್ಸಿನಲ್ಲಿ ಇವನ್ನು ಸ್ವಚ್ಛಗೊಳಿಸುವ ಸಿಸ್ಟಂಡಿ ಎಂಬ ವ್ಯವಸ್ಥೆಯ ಮೂಲ ನಿಯಮದಲ್ಲಿ ಮೊದಲನೆಯದಕ್ಕೆ 10 ದಿನ, ಎರಡನೆಯದಕ್ಕೆ 30 ದಿನ ಆಯುಷ್ಯ.

ಬೆಳಗಾವಿ ಇಂಜಿನಿಯರಿಂಗ್ ಹುಡುಗ
ನನ್ನ ಸಲಹೆಯನ್ನು ಯಾರೂ ಪಾಲಿಸಬೇಡಿ. ನಾನು ಹೇಳಿದಂತೆ ಹುಡುಕಿದ್ದರೆ ಅಜ್ಜಿಯವರ ಆ ಎರಡು ಫೈಲ್‌ಗಳೂ ಹೋಗಿರುತ್ತಿದ್ದವು. ಹಾಗಾದರೆ ಸಿಕ್ಲೀನರ್‌ನಂಥ ಸಾಫ್ಟ್‌ವೇರ್ ಹಾಕಿದರೆ, ಅಥವಾ ಪ್ರತಿದಿನ ತಾನಾಗಿಯೇ ಅಳಿಸುವ ಬ್ಯಾಚ್ ಫೈಲ್ ಬರೆದಿಟ್ಟರೆ ಸುರಕ್ಷಿತವೇ?

ಲಿನಕ್ಸ್ ಬಳಸುವ ಗ್ರಂಥಪಾಲಕ
ಬ್ಯಾಚ್ ಫೈಲ್ ಬರೆಯುವ ಮುನ್ನ 2015ರಲ್ಲಿ ಲಿನಕ್ಸಿನ ಸ್ಟೀಮ್ ಎಂಬ ಆಟಗಳ ತಂತ್ರಾಂಶದಲ್ಲಿ ಆದದ್ದನ್ನು ನೆನಪಿಡಿ. ತನ್ನ ಫೋಲ್ಡರಿನಲ್ಲಿರುವುದನ್ನೆಲ್ಲ ಅಳಿಸು ಎಂದು ಸ್ಕ್ರಿಪ್ಟಿನಲ್ಲಿ ಬರೆದಿತ್ತು. ಫೋಲ್ಡರಿನ ದಾರಿ ಇರಬೇಕಾದ ವೇರಿಯಬಲ್ ಖಾಲಿಯಾದಾಗ ಆ ಆಜ್ಞೆ ಇಡೀ ಡಿಸ್ಕಿನ ಮೂಲದಿಂದ ಅಳಿಸು ಎಂದಾಯಿತು, ಬಳಕೆದಾರರ ಸ್ವಂತ ಫೈಲ್‌ಗಳೂ ಹೋದವು. ನುರಿತವರಿಂದಲೇ ಇಂಥ ತಪ್ಪಾಗುವಾಗ ನಾವು ಮನೆಯಲ್ಲಿ ಅಳಿಸುವ ಸ್ಕ್ರಿಪ್ಟ್ ಬರೆಯುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳೇ ಡಿಸ್ಕ್ ಕ್ಲೀನಪ್ ಅಭಿಮಾನಿ
ಸಿಕ್ಲೀನರ್‌ನ 5.33 ಆವೃತ್ತಿಯಲ್ಲಿಯೇ 2017ರಲ್ಲಿ ದುಷ್ಟ ತಂತ್ರಾಂಶ ಸೇರಿಕೊಂಡು, ಅದು 22 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ತಲುಪಿತ್ತು. ಇಂದಿನ ಆವೃತ್ತಿ ಹಾಗಿದೆ ಎಂದು ಹೇಳುತ್ತಿಲ್ಲ. ವಿಂಡೋಸಿನಲ್ಲೇ ಸಾಧನ ಇರುವಾಗ, ಇಡೀ ಡಿಸ್ಕಿನ ಮೇಲೆ ಅಧಿಕಾರ ಕೇಳುವ ಇನ್ನೊಂದು ಸಾಫ್ಟ್‌ವೇರ್ ಏಕೆ ಬೇಕು? ತಾನಾಗಿಯೇ ಆಗಬೇಕೆಂದಿದ್ದರೆ ಸ್ಟೋರೇಜ್ ಸೆನ್ಸ್ ಚಾಲು ಮಾಡಿ. ಅದರಲ್ಲಿ ಡೌನ್‌ಲೋಡ್ಸ್‌ಗೆ ನೆವರ್ ಎಂದೇ ಇರಲಿ, ರೀಸೈಕಲ್ ಬಿನ್ನಿಗೆ 30 ದಿನ ಸರಿಯಾಗಿದೆ.

ಲೆಕ್ಕಪತ್ರದವರು, ದಾವಣಗೆರೆ
ಬ್ರೌಸರ್ ಕ್ಯಾಶ್ ಅಳಿಸುವಾಗಲೂ ಒಂದು ಎಚ್ಚರ ಬೇಕು. ಅದೇ ಪೆಟ್ಟಿಗೆಯಲ್ಲಿ ಕುಕೀಸ್ ಮತ್ತು ಪಾಸ್‌ವರ್ಡ್ ಎಂಬ ಬೇರೆ ಸಾಲುಗಳಿರುತ್ತವೆ. ಜಾಗ ಹಿಡಿದಿರುವುದು ಚಿತ್ರಗಳ ಕ್ಯಾಶ್ ಮಾತ್ರ, ಅದೊಂದಕ್ಕೇ ಗುರುತು ಹಾಕಿ.

ತುಂಗಾತೀರದ ಶಿಕ್ಷಕಿ
ಡಬ್ಲ್ಯುಆರ್‌ಡಿ ಫೈಲ್ ತೆರೆಯಲಿಲ್ಲ, ಅರ್ಧಕ್ಕೇ ನಿಂತಿದೆ ಎಂದು ಕಾಣುತ್ತದೆ. ಡಬ್ಲ್ಯುಆರ್‌ಎಲ್ ತೆರೆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಇರುವುದರಿಂದ ಫಾಂಟು ಹಾಕುವ ಅಗತ್ಯವೂ ಬೀಳಲಿಲ್ಲ, ತೆರೆದ ಕೂಡಲೇ ಕನ್ನಡವೇ ಕಾಣಿಸಿತು. 111 ಹಾಡುಗಳಿವೆ. ಇಲ್ಲದಿರುವುದು ಆ ದಿನ ಟೈಪು ಮಾಡುತ್ತಿದ್ದ ಕೊನೆಯದೊಂದೇ, ಅದು ನನಗೆ ಬಾಯಿಪಾಠವಿದೆ. ತೀರಿಹೋದ ಇಬ್ಬರು ಅಜ್ಜಿಯರ ಪದಗಳು ಪೂರ್ತಿ ಇವೆ. ಓದುತ್ತಾ ಕಣ್ಣು ತುಂಬಿ ಬಂತು. ಈ ಋಣವನ್ನು ಹೇಗೆ ತೀರಿಸುವುದೋ ತಿಳಿಯದು.

ಟೆಂಪ್ ಫೋಲ್ಡರಿನಲ್ಲಿ ಒಂದು ವಾರಕ್ಕಿಂತ ಹಳೆಯದನ್ನು ಮಾತ್ರ ಅಳಿಸಿದೆ. 14 ಜಿಬಿ ಇದ್ದದ್ದು 2 ಜಿಬಿಗೆ ಇಳಿಯಿತು, ಮಧ್ಯಾಹ್ನದಿಂದ ಎಲ್ಲ ಪ್ರೋಗ್ರಾಂಗಳೂ ಸರಿಯಾಗಿ ತೆರೆಯುತ್ತಿವೆ. ಬಿನ್ನನ್ನು ಖಾಲಿ ಮಾಡದಿರುವುದರಿಂದ ಜಾಗ ಇನ್ನೂ ಹೆಚ್ಚಿಲ್ಲ.

ಮೈಸೂರು ರಿಪೇರಿ ಮೇಜು
ತುಂಬ ಸಂತೋಷ ಮೇಡಂ. ಎರಡು ದಿನ ಕೆಲಸ ಮಾಡಿ ನೋಡಿ, ಆಮೇಲೆ ಬಿನ್ ಖಾಲಿ ಮಾಡಿ, 12 ಜಿಬಿ ಬರುತ್ತದೆ. ಐದು ದಿನದ ನಂತರ ಹಳೆಯ ವಿಂಡೋಸಿನ 21 ಜಿಬಿಯೂ ಸೇರುತ್ತದೆ. ಫಾರ್ಮ್ಯಾಟ್ ಬೇಕಾಗಿಲ್ಲ. ಆದರೆ ಬ್ಯಾಟರಿಯನ್ನು ಈ ತಿಂಗಳೇ ಬದಲಿಸಿ.

ಮುದ್ರಣಾಲಯದ ಡಿಟಿಪಿ
ಅಮ್ಮಾ, 111 ಹಾಡುಗಳ ಫೈಲನ್ನು ಯೂನಿಕೋಡಿಗೆ ಬದಲಾಯಿಸಿದ ಒಂದು ಪ್ರತಿಯನ್ನೂ ಇಟ್ಟುಕೊಳ್ಳೋಣ. ಪರಿವರ್ತಕದಲ್ಲಿ ಹಾಕಿದಾಗ ಕೆಲವು ಒತ್ತಕ್ಷರಗಳು, ಅರ್ಕಾವತ್ತು ಪಲ್ಲಟವಾಗಬಹುದು, ಆದ್ದರಿಂದ ಒಮ್ಮೆ ಕಣ್ಣಾಡಿಸಬೇಕಾಗುತ್ತದೆ. ನೀವು ಒಪ್ಪಿದರೆ ಆ ತಿದ್ದುವ ಕೆಲಸವನ್ನು ಭಾನುವಾರ ನಾನೇ ಮಾಡಿಕೊಡುತ್ತೇನೆ.

ತುಂಗಾತೀರದ ಶಿಕ್ಷಕಿ
ಖಂಡಿತ ಒಪ್ಪುತ್ತೇನೆ. ಕೊನೆಯ ಹಾಡನ್ನು ಇಂದು ರಾತ್ರಿ ಟೈಪು ಮಾಡಿ, ಪೂರ್ತಿ 112 ಮಾಡಿಯೇ ಕಳಿಸುತ್ತೇನೆ.